ಹಿಂದಕ್ಕೆ ಹೋಗುವ ಕಲ್ಲು

ಮುದ್ದೇಬಿಹಾಳದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸಲು ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಎರಡು ಪ್ಯಾಂಟು, ಒಂದು ಟ್ರಂಕು, ಮೂಗಿನ ತುದಿಯಲ್ಲಿ ಸಿಟ್ಟು, ಇಷ್ಟೇ ನನ್ನ ಆಸ್ತಿ. ನಾನು ನಿಂಬೆಗೆ ಹೆಸರಾದ ಇಂಡಿ ಕಡೆಯವನೆಂದು ಗೊತ್ತಾದ ಕೂಡಲೇ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಂಬೆಹಣ್ಣಿನ ಬಗ್ಗೆ ಕೇಳುತ್ತಿದ್ದರು. ಫಿಜಿಕ್ಸಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಾನು ಪಾಠ ಮಾಡುತ್ತಿದ್ದದ್ದು ನೋಟ್ಸ್ ನೋಡಿಕೊಂಡು. ಆ ನೋಟ್ಸ್ ನನಗೆ ಕಲಿಸಿದ ಪ್ರೊಫೆಸರರು ಬರೆಸಿದ್ದು. ಅವರಿಗೆ ಅವರ ಪ್ರೊಫೆಸರರು ಬರೆಸಿದ್ದರಂತೆ. ಪುಸ್ತಕ ಕೈಯಲ್ಲಿ ಹಿಡಿದು ಪಾಠ ಮಾಡುವವನಿಗೆ ವಿಷಯ ಬರುವುದಿಲ್ಲ ಎಂಬುದು ಆಗಿನ ತಿಳಿವಳಿಕೆ. ಹಾಗಾಗಿ ನನ್ನ ಪಠ್ಯಪುಸ್ತಕವನ್ನು ಊರಲ್ಲೇ ಬಿಟ್ಟು ಬಂದಿದ್ದೆ.

ಪಿಯುಸಿ ವಿಜ್ಞಾನದಲ್ಲಿ ಮೂವತ್ತೆರಡು ಹುಡುಗರಿದ್ದರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಒಂದು ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದವರು. ಅವರಿಗೆ ಅತಿ ಕಷ್ಟದ್ದೆನಿಸಿದ ಪಾಠ ಘರ್ಷಣೆಯದು. ಲೆಕ್ಕ ಯಾವಾಗಲೂ ಒಂದೇ ತೆರ. ಒಂದು ಮೇಜು. ಅದರ ಮೇಲೆ ಎರಡು ತುಂಡು, ನಡುವೆ ದಾರ. ಮೇಜಿನ ಅಂಚಿಗೆ ಒಂದು ಗಡಗಡಿ, ನಮ್ಮ ಬಾವಿಯ ಮೇಲಿರುತ್ತದಲ್ಲ, ಅಂಥದ್ದು. ಅದರ ಮೇಲಿಂದ ಹಾದ ದಾರದ ತುದಿಗೆ ಇನ್ನೊಂದು ತುಂಡು ಕೆಳಗೆ ಜೋತುಬಿದ್ದಿರುತ್ತದೆ. ಜೋತುಬಿದ್ದದ್ದು ಎಳೆಯುತ್ತದೆ, ಮೇಜಿನ ಮೇಲಿನವು ಹೋಗುತ್ತವೆ. ಎಷ್ಟು ವೇಗೋತ್ಕರ್ಷ, ದಾರದ ಬಿಗಿ ಎಷ್ಟು, ಅಷ್ಟು ಕಂಡುಹಿಡಿದರೆ ನಾಲ್ಕು ಮಾರ್ಕು. ದಾರಕ್ಕೆ ತೂಕವಿಲ್ಲ, ಅದು ಹಿಗ್ಗುವುದಿಲ್ಲ, ಗಡಗಡಿಗೆ ಘರ್ಷಣೆಯಿಲ್ಲ ಎಂದು ನಾನು ಮೊದಲೇ ಹೇಳಿಬಿಡುತ್ತಿದ್ದೆ.

"ಇಂಥಾ ಹಗ್ಗ ಎಲ್ಲಿ ಸಿಗತೈತ್ರಿ ಸರ್?" ಎಂದು ಮೊದಲ ದಿನವೇ ಒಬ್ಬ ಕೇಳಿದ. ದೇವರ ಹಿಪ್ಪರಗಿ ಸಂತೆಯಲ್ಲಿ ಅವರ ಅಪ್ಪ ಪುಂಡಿನಾರಿನ ಹಗ್ಗ ಮಾರುತ್ತಿದ್ದನಂತೆ.

"ಪರೀಕ್ಷಾದಾಗ ಸಿಗತೈತಿ. ಕೂಡು," ಎಂದೆ. ಕೂತ.

ಕೊನೆಯ ಬೆಂಚಿನಲ್ಲಿ ತಾಳಿಕೋಟೆ ಕಡೆಯ ಒಬ್ಬ ಕೂಡುತ್ತಿದ್ದ. ಅವನ ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವನು. ಮಗನೂ ನಡುವೆ ಎರಡು ವರ್ಷ ಶಾಲೆ ಬಿಟ್ಟು ಖಣಿಯಲ್ಲಿ ದುಡಿದು ಬಂದಿದ್ದರಿಂದ ಉಳಿದವರಿಗಿಂತ ದೊಡ್ಡವನು. ನನಗಿಂತ ಬಹಳ ಸಣ್ಣವನೇನಲ್ಲ. ಅಂಗೈ ಎಷ್ಟು ಒರಟೆಂದರೆ ಸೀಮೆಸುಣ್ಣ ಹಿಡಿದರೆ ಮುರಿಯುತ್ತಿತ್ತು. ಬೋರ್ಡಿಗೆ ಕರೆದಾಗ ಎರಡು ಸಲ ಮುರಿದ ಮೇಲೆ ನಾನು ಕರೆಯುವುದು ಬಿಟ್ಟೆ.

ಅವನ ಪರಿಸ್ಥಿತಿ ಏನೆಂದು ಅವನೇ ಹೇಳಿದ್ದ. ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದ.

"ಖಣಿಯೊಳಗ ಫರಸಿ ಜಗ್ಗಾಕ ಅಪ್ಪಗ ಜೋಡಿ ಬೇಕ್ರಿ. ಈ ವರ್ಷ ಪಾಸಾದರ ಓವರ್‌ಸೀಯರ್ ಕೋರ್ಸಿಗೆ ಹೋಗಂದಾನ. ಇಲ್ಲಂದ್ರ ಹಗ್ಗ ಹಿಡಿ ಅಂದಾನ."

"ಇನ್ನೊಂದ ವರ್ಷ ಕುಂದ್ರಬಾರದೇನು?"

"ಇಲ್ರಿ. ಒಂದ ಸಲ ಅಂದಾನ್ರಿ."

ಡಿಸೆಂಬರಿನಲ್ಲಿ ಪ್ರಿಲಿಮಿನರಿ ಪರೀಕ್ಷೆ. ಅದರಲ್ಲಿ ಮೂವತ್ತೈದು ಬಾರದ ಯಾವ ಹುಡುಗನ ದೊಡ್ಡ ಪರೀಕ್ಷೆಯ ಫಾರ್ಮನ್ನೂ ಪ್ರಿನ್ಸಿಪಾಲರು ಕಳಿಸುತ್ತಿರಲಿಲ್ಲ. ಕಾಲೇಜಿನ ರಿಸಲ್ಟು ಚೆನ್ನಾಗಿ ಬರಬೇಕೆಂದರೆ ಫೇಲಾಗುವವರನ್ನು ಪರೀಕ್ಷೆಗೇ ಕೂರಿಸಬಾರದು ಎಂದು ಅವರು ಕಂಡುಕೊಂಡಿದ್ದರು. ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ನನ್ನದು. ನೋಟ್ಸಿನಲ್ಲಿದ್ದ ಲೆಕ್ಕವನ್ನು ಇದ್ದ ಹಾಗೇ ಕೊಟ್ಟರೆ ಬಾಯಿಪಾಠ ಮಾಡಿದವರು ಬರೆದುಬಿಡುತ್ತಾರೆಂದು ಅಂಕಿಗಳನ್ನು ಅದಲುಬದಲು ಮಾಡಿದೆ. ನೋಟ್ಸಿನಲ್ಲಿ ಮೇಜಿನ ಮೇಲೆ ಆರು ಮತ್ತು ನಾಲ್ಕು ಕಿಲೋ, ಜೋತುಬಿದ್ದದ್ದು ಎಂಟು, ಮೇಜಿನ ಘರ್ಷಣಾಂಕ ಸೊನ್ನೆ ಬಿಂದು ನಾಲ್ಕು. ನಾನು ಎಂಟನ್ನು ಮೇಜಿನ ಮೇಲೆ ಏರಿಸಿ, ನಾಲ್ಕನ್ನು ಕೆಳಗೆ ಜೋತುಬಿಟ್ಟೆ. ಎರಡು ನಿಮಿಷದ ಕೆಲಸ. ಮಾಡಿದಾಗ ಭಾರಿ ಜಾಣತನ ಅನಿಸಿತ್ತು.

ಸೂತ್ರಕ್ಕೆ ಅಂಕಿ ಹಾಕಿದರೆ ಉತ್ತರ ಮೈನಸ್ ಬಂತು. ಮೈನಸ್ ಸೊನ್ನೆ ಬಿಂದು ಎಂಟು ಏಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮೈನಸ್ ಎಂದರೆ ವಿರುದ್ಧ ದಿಕ್ಕು, ಅಷ್ಟೇ. ಪರೀಕ್ಷೆಯಲ್ಲಿ ಇಪ್ಪತ್ತೆಂಟು ಹುಡುಗರು ಮೈನಸ್ ಬರೆದರು, ಇಪ್ಪತ್ತೆಂಟು ಮಂದಿಗೂ ನಾಲ್ಕಕ್ಕೆ ನಾಲ್ಕು ಕೊಟ್ಟೆ. ಮೂವರು ಆ ಪ್ರಶ್ನೆಯನ್ನೇ ಬಿಟ್ಟಿದ್ದರು. ಖಣಿಯ ಹುಡುಗ ಮಾತ್ರ ವೇಗೋತ್ಕರ್ಷ ಸೊನ್ನೆ ಎಂದು ಬರೆದು, ಕೆಳಗೆ ತನಗೆ ಬಂದ ಇಂಗ್ಲಿಷಿನಲ್ಲಿ "ಬಾಡಿ ವಿಲ್ ನಾಟ್ ಗೋ" ಎಂದು ಸೇರಿಸಿದ್ದ. ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಒಟ್ಟು ಅವನಿಗೆ ಮೂವತ್ಮೂರು ಬಂತು.

ಮಾರ್ಕ್ಸ್ ಹಚ್ಚಿದ ದಿನ ಪೇಪರು ಹಿಡಿದುಕೊಂಡು ಬಂದ.

"ಸರ್, ಈ ಲೆಕ್ಕ ಸರಿ ಐತ್ರಿ."

"ಮೈನಸ್ ಎಲ್ಲೈತಿ?"

"ಮೈನಸ್ ಬರಂಗಿಲ್ರಿ. ಕೆಳಗಿಂದು ನಾಕ ಕಿಲೋ ಎಳೀತೈತಿ. ಮ್ಯಾಲಿನ ಹದಿನಾಕ ಕಿಲೋಕ್ಕ ಮೇಜು ಐದೂವರೀ ಕಿಲೋದಷ್ಟ ಹಿಡೀತೈತಿ. ಹಂಗಾರ ಕಲ್ಲು ಹಂದಂಗಿಲ್ರಿ."

"ಹಿಡಿಯೂದು ಹೆಚ್ಚಾತು ಅಂದ್ರ ಹಿಂದಕ್ಕ ಹೋಗತೈತಿ. ಅದಕ್ಕ ಮೈನಸ್."

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಮೇಷ್ಟ್ರನ್ನು ಹೀಗೆ ನೋಡುವುದೆಂದರೇನು ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ಜಗ್ಗಿದರ ಒಂದೋ ಬರತೈತಿ, ಇಲ್ಲಾ ನಿಂದರತೈತ್ರಿ," ಎಂದ. "ಹಿಂದಕ್ಕ ಹೋಗೂದು ನಾ ನೋಡಿಲ್ರಿ."

"ನೀ ನೋಡಿದ್ದಷ್ಟ ಫಿಜಿಕ್ಸ್ ಅಲ್ಲಪಾ. ನೋಡಿಲ್ಲಂದ್ರ ತೋರಸು, ನಡಿ. ಹಂದಂಗಿಲ್ಲ ಅಂತ ತೋರಸು."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿದ್ದು. ಅವನು ಅದನ್ನು ಕೆಲಸ ಒಪ್ಪಿಸಿದರೆಂದು ತಿಳಿದ. ಮರುದಿನ ಬೆಳಿಗ್ಗೆ ತಾಳಿಕೋಟೆ ಬಸ್ಸಿನಿಂದ ಎರಡು ಫರಸಿ ತುಂಡು ಹೊತ್ತು ತಂದ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಂಚು ಒಡೆದು, ಒಂದನ್ನು ಸರಿಯಾಗಿ ಎಂಟು ಕಿಲೋ, ಇನ್ನೊಂದನ್ನು ಆರು ಕಿಲೋ ಮಾಡಿದ್ದ. ಜೋತುಬಿಡಲು ಎರಡು ಕಿಲೋದ ಎರಡು ತೂಕದ ಗುಂಡು ಅದೇ ಅಂಗಡಿಯಿಂದ ಕೇಳಿ ತಂದಿದ್ದ. ನಮ್ಮ ಲ್ಯಾಬಿನ ಗಡಗಡಿ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಅದರ ಪ್ರಯೋಗವನ್ನು ಹುಡುಗರು ಹಿಂದಿನ ವರ್ಷದವರ ಜರ್ನಲ್ ನೋಡಿ ಬರೆಯುತ್ತಿದ್ದರು, ನಾನು ಸಹಿ ಮಾಡುತ್ತಿದ್ದೆ. ಹಾಗಾಗಿ ಅವನು ಕಾಲೇಜಿನ ಬಾವಿಯ ಗಡಗಡಿಯನ್ನೇ ಬಿಚ್ಚಿ, ಎಣ್ಣೆ ಬಿಟ್ಟು, ಮೇಜಿನ ಅಂಚಿಗೆ ಕಟ್ಟಿದ.

ಎಲ್ಲ ಹುಡುಗರೂ ಸುತ್ತ ನಿಂತರು. ಅವನು ಗುಂಡುಗಳನ್ನು ಮೆಲ್ಲಗೆ ಬಿಟ್ಟ. ಹಗ್ಗ ಬಿಗಿಯಾಯಿತು. ಕಲ್ಲುಗಳು ಇದ್ದಲ್ಲೇ ಇದ್ದವು.

"ನೋಡೋಣ, ತಡೀರಿ," ಎಂದೆ.

ತಡೆದೆವು. ನಾನು ಕೈಕಟ್ಟಿ ನಿಂತು ಗುಂಡು ತಾನಾಗಿ ಮೇಲೆ ಏರುವುದನ್ನು ಕಾಯುತ್ತಿದ್ದೆ. ನನ್ನ ಲೆಕ್ಕದ ಪ್ರಕಾರ ಅದು ಅಷ್ಟರಲ್ಲಿ ಗಡಗಡಿಗೆ ಬಡಿಯಬೇಕಿತ್ತು. ಹತ್ತು ನಿಮಿಷವಾಯಿತು. ಬಾವಿಗೆ ನೀರು ಸೇದಲು ಹೋಗಿ ಗಡಗಡಿ ಕಾಣದೆ ಹುಡುಕಿಕೊಂಡು ಬಂದ ಪ್ಯೂನ್ ಬಾಗಿಲಲ್ಲಿ ನಿಂತ.

"ಏನ ನೋಡಾಕತ್ತೀರ್ರಿ ಎಲ್ಲಾರೂ?"

"ಕಲ್ಲು ಹಿಂದಕ್ಕ ಹೋಗೂದನ್ನ," ಎಂದು ಮುಂದಿನ ಬೆಂಚಿನವನು ಹೇಳಿದ.

ಪ್ಯೂನ್ ಕಲ್ಲನ್ನು ನೋಡಿದ, ನನ್ನನ್ನು ನೋಡಿದ. "ತಡಾ ಆಗತೈತೇನ್ರಿ? ಕುಡಿಯಾಕ ನೀರಿಲ್ಲ," ಎಂದ.

ಒಳಗೆ ಎಲ್ಲೋ ಅಳುಕು ಹುಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೂವತ್ತೆರಡು ಹುಡುಗರು ಮತ್ತು ಒಬ್ಬ ಪ್ಯೂನನ ಮುಂದೆ ಅಳುಕನ್ನು ಹೊರಗೆ ಬಿಡುವ ಗಂಡಸು ನಾನಾಗಿರಲಿಲ್ಲ. "ಈ ಗಡಗಡಿಯೊಳಗ ಘರ್ಷಣೆ ಐತಿ," ಎಂದೆ. "ಲೆಕ್ಕದಾಗಿನ ಗಡಗಡಿಗೆ ಘರ್ಷಣೆ ಇಲ್ಲ. ಅದರ ಮ್ಯಾಲಾಗಿದ್ರ ಹಿಂದಕ್ಕ ಹೋಗಿರತಿತ್ತು. ಪ್ರಯೋಗ ತಪ್ಪು. ಬಿಚ್ಚು."

ಅವನು ಬಿಚ್ಚಿದ. ಹೌದೇನ್ರಿ ಎಂದೂ ಕೇಳಲಿಲ್ಲ. ಕಲ್ಲುಗಳನ್ನು ಲ್ಯಾಬಿನ ಮೂಲೆಯಲ್ಲಿ ನೆಟ್ಟಗೆ ಒರಗಿಸಿಟ್ಟು, ಗಡಗಡಿಯನ್ನು ಪ್ಯೂನನ ಕೈಗೆ ಕೊಟ್ಟು ಹೋದ. ನನಗೆ ಅವನ ಮೇಲೆ ಇನ್ನೂ ಸಿಟ್ಟು ಬಂತು. ವಾದ ಮಾಡಿದ್ದರೆ ಕಡಿಮೆಯಾಗುತ್ತಿತ್ತೇನೋ.

ಅದು ಶನಿವಾರ. ಫಾರ್ಮ್ ಕಳಿಸಲು ಸೋಮವಾರ ಕೊನೆಯ ದಿನ. ಮಧ್ಯಾಹ್ನದ ಬಸ್ಸಿಗೆ ನಾನು ಊರಿಗೆ ಹೊರಟೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ವಿಜಾಪುರದಲ್ಲಿ ಇನ್ನೊಮ್ಮೆ ಬದಲಿಸಿ, ಇಂಡಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಧೂಳು. ನನ್ನ ಪಕ್ಕ ಸಾಲೋಟಗಿಯ ಒಬ್ಬ ಮುದುಕ ಕೂತಿದ್ದ. ನಾನು ಮಾಸ್ತರನೆಂದು ತಿಳಿದು ಅವರ ಊರಿನ ಹಳೆಯ ಶಾಸನದ ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆ ವಾರದಲ್ಲಿ ನಾನು ಗೊತ್ತಿಲ್ಲ ಎಂದದ್ದು ಅದೊಂದೇ ಸಲ.

ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವ ಉಪ್ಪಿನಕಾಯಿ ಭರಣಿ ತಂದಳು. ಭರಣಿಯ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ತಾಟು, ತಾಟಿನ ಮೇಲೆ ಭಾರಕ್ಕೆಂದು ನನ್ನ ಫಿಜಿಕ್ಸ್ ಪುಸ್ತಕ.

"ಅವ್ವಾ, ಇದು ನನ್ನ ಪುಸ್ತಕ."

"ಹೌದಪಾ. ಎಷ್ಟ ಚಲೋ ವಜ್ಜಿ ಐತಿ. ಇರುವಿ ಒಂದ ಒಳಗ ಹೋಗಿಲ್ಲ."

ನಿಂಬೆಯ ರಸದ ಕಲೆ ನೂರಾರು ಪುಟ ಇಳಿದಿತ್ತು. ತೆರೆದೆ. ಘರ್ಷಣೆಯ ಅಧ್ಯಾಯದಲ್ಲಿ ಅದೇ ಮೇಜು, ಅದೇ ಮೂರು ತುಂಡು, ನೋಟ್ಸಿನಲ್ಲಿದ್ದ ಅದೇ ಲೆಕ್ಕ. ಅದರ ಮೊದಲಿಗೆ ನೋಟ್ಸಿನಲ್ಲಿ ಇಲ್ಲದ ಒಂದು ಸಾಲಿತ್ತು. ಎಳೆತವು ಘರ್ಷಣೆಯ ಮಿತಿಗಿಂತ ಹೆಚ್ಚಿದೆಯೋ ಇಲ್ಲವೋ ಮೊದಲು ನೋಡಬೇಕು, ಇಲ್ಲದಿದ್ದರೆ ವಸ್ತು ಚಲಿಸುವುದಿಲ್ಲ, ಘರ್ಷಣೆ ತಾನಾಗಿ ಯಾವ ವಸ್ತುವನ್ನೂ ಎಳೆಯುವುದಿಲ್ಲ. ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ. ಗೆರೆ ಹೊಡೆದವನು ನಾನೇ. ಪಕ್ಕದಲ್ಲಿ ನನ್ನ ಅಕ್ಷರದಲ್ಲಿ "ಮುಖ್ಯ" ಎಂದು ಬರೆದಿತ್ತು.

ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ. ಅವ್ವ ಉಪ್ಪಿನಕಾಯಿ ಖಾರವಾಯಿತೇ ಎಂದು ಕೇಳಿದಳು. ಹೌದು ಎಂದೆ. ನಾಚಿಕೆಯಾಗಿತ್ತು, ಬೇರೇನೂ ಅಲ್ಲ. ಅವನು ಎಂಟು ಕಿಲೋ ಆರು ಕಿಲೋ ಕಲ್ಲು ಬಸ್ಸಿನಲ್ಲಿ ಹೊತ್ತು ತಂದು ತೋರಿಸಿದ್ದ. ನಾನು ಗಡಗಡಿಯ ಮೇಲೆ ತಪ್ಪು ಹೊರಿಸಿದ್ದೆ.

ಸೋಮವಾರ ಏನು ಮಾಡಬೇಕೆಂದು ಬರುವಾಗ ಬಸ್ಸಿನಲ್ಲೆಲ್ಲ ಯೋಚಿಸಿದೆ. ಕ್ಲಾಸಿಗೆ ಹೋಗಿ, ನಾನು ಕಲಿಸಿದ್ದು ತಪ್ಪು, ಇವನು ಬರೆದದ್ದು ಸರಿ ಎನ್ನುವುದು ಒಂದು ದಾರಿ. ಎರಡು ವಾಕ್ಯದ ಮಾತು. ಬಾಗೇವಾಡಿ ದಾಟುವವರೆಗೂ ಹಾಗೇ ಮಾಡುವವನಿದ್ದೆ. ಮುದ್ದೇಬಿಹಾಳ ಹತ್ತಿರವಾದಂತೆ ಇಪ್ಪತ್ತೆಂಟು ಹುಡುಗರ ಮುಖ ಕಾಣತೊಡಗಿದವು. ಪ್ಯೂನನ ಮುಖ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು.

ಆಫೀಸಿಗೆ ಹೋಗಿ ಮಾರ್ಕ್ಸ್ ಲಿಸ್ಟು ತರಿಸಿಕೊಂಡು ಅವನ ಮೂವತ್ಮೂರನ್ನು ಮೂವತ್ತೈದು ಮಾಡಿದೆ. ತಿದ್ದಿದ್ದಕ್ಕೆ ಕಾರಣ ಬರೆಯಿರಿ ಎಂದು ಹೆಡ್ ಕ್ಲಾರ್ಕ್ ಪೆನ್ನು ಕೊಟ್ಟರು. "ಗ್ರೇಸ್" ಎಂದು ಬರೆದೆ. ಅವನಿಗೆ ಸಲ್ಲಬೇಕಾದದ್ದು ನಾಲ್ಕು. ನಾನು ಕೊಟ್ಟದ್ದು ಎರಡು, ಅದೂ ದಯಮಾಡಿ ಕೊಟ್ಟ ಹಾಗೆ.

ಸುದ್ದಿ ತಿಳಿದು ಅವನು ಕೈಮುಗಿಯಲು ಬಂದ. "ಭಾಳ ಉಪಕಾರ ಆತ್ರಿ ಸರ್. ಇನ್ನ ಮ್ಯಾಲ ಮೈನಸ್ ಮರಿಯಂಗಿಲ್ರಿ."

ಆಗಲಾದರೂ ಹೇಳಬಹುದಿತ್ತು. ರೂಮಿನಲ್ಲಿ ನಾವಿಬ್ಬರೇ ಇದ್ದೆವು. "ಚೆಂದಾಗಿ ಓದು," ಎಂದೆ. ಓದಿದ. ಅವನಂಥವನು ಹೇಳಿದರೆ ಓದುತ್ತಾನೆ.

ಏಪ್ರಿಲ್‌ನಲ್ಲಿ ದೊಡ್ಡ ಪರೀಕ್ಷೆ. ಫಿಜಿಕ್ಸ್ ಪೇಪರಿನ ದಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಎಲ್ಲರಿಗಿಂತ ಮೊದಲು ಅವನೇ ಹೊರಗೆ ಬಂದ. ಅವನ ಮುಖದಲ್ಲಿ ಅಷ್ಟು ನಗು ನಾನು ಆವರೆಗೆ ಕಂಡಿರಲಿಲ್ಲ.

"ಸರ್, ಅದ ಲೆಕ್ಕ ಬಂದಿತ್ರಿ. ಅಂಕಿ ಅಷ್ಟ ಬ್ಯಾರೆ. ಎಳಿಯೂದಕಿಂತ ಹಿಡಿಯೂದು ಹೆಚ್ಚಿತ್ತು. ಈ ಸಲ ತಪ್ಪಲಿಲ್ರಿ. ಮೈನಸ್ ಹಾಕೇನಿ."

ಪೇಪರು ತೆಗೆದವರು ಬೇಕೆಂದೇ ಹಾಕಿದ ಪ್ರಶ್ನೆ ಅದು. ಲೆಕ್ಕ ಮಾಡುವ ಮುನ್ನ ಯೋಚಿಸುವ ಹುಡುಗ ಯಾರೆಂದು ತಿಳಿಯಲು ಹಾಕಿದ್ದು. ಇಡೀ ಕಾಲೇಜಿನಲ್ಲಿ ಅಂಥವನು ಒಬ್ಬನಿದ್ದ. ಅವನನ್ನು ನಾನು ತಿದ್ದಿಬಿಟ್ಟಿದ್ದೆ.

"ಅದು ಸೊನ್ನೆ," ಎಂದೆ.

"ಏನ್ರಿ?"

"ಡಿಸೆಂಬರದಾಗ ನೀ ಬರೆದದ್ದ ಸರಿ ಇತ್ತು. ಕಲ್ಲು ಹಂದಂಗಿಲ್ಲ. ನಾ ಹೇಳಿದ್ದು ತಪ್ಪು."

ನಗು ಹೋಯಿತು. ಬೈಯುತ್ತಾನೆ ಎಂದುಕೊಂಡೆ, ಬೈದರೆ ಬೈಸಿಕೊಳ್ಳಲು ತಯಾರಾಗಿ ನಿಂತೆ.

"ನಿಮಗ ಯಾವಾಗ ತಿಳೀತ್ರಿ?"

"ಫಾರ್ಮ್ ತುಂಬೂ ಮುಂದ."

ಅವನು ಪ್ರಶ್ನೆಪತ್ರಿಕೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟ. "ನಾ ಅಪ್ಪಗ ಹೇಳಿಬಿಟ್ಟೇನ್ರಿ," ಎಂದ.

"ಏನಂತ?"

"ಹಿಡಿಯೂದು ಹೆಚ್ಚಾದರ ಕಲ್ಲು ಹಿಂದಕ್ಕ ಹೋಗತೈತಿ ಅಂತ. ಅಪ್ಪ ಇಲ್ಲೋ ತಮ್ಮಾ ಅಂದ. ನೀ ಏನ ಓದೀದಿ, ನಮ್ಮ ಸರ್ ಹೇಳ್ಯಾರ ಅಂದೇನ್ರಿ."

ಮಾರ್ಕಿನ ಮಾತನ್ನೇ ಅವನು ಎತ್ತಲಿಲ್ಲ. ನಾನು ಎತ್ತುತ್ತೇನೆ: ಜೂನ್‌ನಲ್ಲಿ ರಿಸಲ್ಟು ಬಂದಾಗ ಅವನಿಗೆ ಫಿಜಿಕ್ಸಿನಲ್ಲಿ ಮೂವತ್ತೆಂಟು ಬಂದಿತ್ತು, ಓವರ್‌ಸೀಯರ್ ಕೋರ್ಸಿಗೆ ಸೇರಿದ. ನನ್ನಿಂದಾಗಿ ಕಳೆದುಕೊಂಡದ್ದರ ಮೇಲೆಯೂ ಪಾಸಾದ. ಆದರೆ ಆ ಮಧ್ಯಾಹ್ನ ಇದು ಇಬ್ಬರಿಗೂ ಗೊತ್ತಿರಲಿಲ್ಲ.

"ನಡಿ, ನಾನೂ ಬರ್ತೇನಿ. ನಿಮ್ಮಪ್ಪಗ ನಾನ ಹೇಳ್ತೇನಿ," ಎಂದೆ. ಬ್ಯಾಡ್ರಿ ಎನ್ನಲಿಲ್ಲ ಅವನು.

ತಾಳಿಕೋಟೆ ಬಸ್ಸು ಹಿಡಿದೆವು. ಇಳಿದು ಅರ್ಧ ತಾಸು ನಡೆದರೆ ಖಣಿ. ಬಿಸಿಲಿಗೆ ಫರಸಿಯ ಮೇಲೆ ಕಾಲಿಡಲಾಗುತ್ತಿರಲಿಲ್ಲ. ತಗ್ಗಿನಿಂದ ಗಾಡಿ ನಿಂತಲ್ಲಿಗೆ ಸಮತಟ್ಟಾದ ದಾರಿ. ಆ ದಾರಿಯಲ್ಲಿ ಇಬ್ಬರು ಒಂದು ದೊಡ್ಡ ಫರಸಿಗೆ ಹಗ್ಗ ಬಿಗಿದು ಎಳೆಯುತ್ತಿದ್ದರು. ಮುಂದಿನವನು ಇವನ ಅಪ್ಪ. ಮೊಳದಷ್ಟು ಎಳೆಯುವುದು, ಹಗ್ಗ ಬಿಡುವುದು. ಆಗ ಅಪ್ಪ ಹಿಂದಕ್ಕೆ ಬಂದು, ಫರಸಿಯ ಹಿಂದೆ ಇಟ್ಟಿದ್ದ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಲ್ಲನ್ನು ಎತ್ತಿ ಮುಂದೆ ಸರಿಸಿ ಫರಸಿಗೆ ಒತ್ತಿಡುವುದು. ಮತ್ತೆ ಹೋಗಿ ಹಗ್ಗ ಹಿಡಿಯುವುದು. ಮತ್ತೆ ಮೊಳದಷ್ಟು. ಮತ್ತೆ ಬಂದು ಕಲ್ಲು ಸರಿಸುವುದು. ಉಳಿದ ಜೋಡಿಗಳು ಯಾರೂ ಹೀಗೆ ಮಾಡುತ್ತಿರಲಿಲ್ಲ. ಅವರ ಫರಸಿಗಳು ಆಗಲೇ ಗಾಡಿ ಸೇರಿದ್ದವು.

"ಇದೇನಪಾ, ಈ ಕಲ್ಲು?" ಎಂದು ಮಗ ಕೇಳಿದ.

ಅಪ್ಪ ನನ್ನನ್ನು ನೋಡಿ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ನಾನು ಯಾರೆಂದು ಮಗ ಹೇಳಿದ. ಆತ ಕೈಮುಗಿದ.

"ನೀವ ಹೇಳಿದ್ರಂತಲ್ರಿ, ಹಿಂದಕ್ಕ ಬರತೈತಿ ಅಂತ," ಎಂದ. "ಇಷ್ಟ ವರ್ಷ ಬಂದಿಲ್ಲ ಖರೆ. ಆದ್ರ ಕಲತವರು ಹೇಳಿದ ಮ್ಯಾಲ ಸುಳ್ಳ ಇರಾಕಿಲ್ಲ ಅನಿಸ್ತ್ರಿ. ಹಿಂದ ನಿಂದರವ್ರ ಕಾಲಮ್ಯಾಲ ಬಂದ್ರ ಹ್ಯಾಂಗ ಅಂತ ಇದನ್ನ ಇಟಗೊಂಡ ಜಗ್ಗಾಕತ್ತೇನ್ರಿ."

"ಯಾವಾಗಿಂದ?"

"ಸಂಕ್ರಮಣದ ಮುಂದಿನಿಂದ್ರಿ. ಇವ್ರೆಲ್ಲಾ ನಗತಾರ. ನಗಲಿ ಬಿಡ್ರಿ."

ಜೋಡಿಯವನು ಬೇರೆ ಕಡೆ ನೋಡಿದ. ನಾನು ಇಂಡಿಯಿಂದ ಬರುವಾಗ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಹೇಳದೇ ಬಿಟ್ಟ ಆ ಎರಡು ವಾಕ್ಯಗಳನ್ನು ಆಗ ಹೇಳಿದೆ. ನಾನು ಕಲಿಸಿದ್ದು ತಪ್ಪು. ನಿಮ್ಮ ಮಗ ಬರೆದದ್ದು ಸರಿ. ಅವು ನಾನು ಎಣಿಸಿದಷ್ಟೇ ಸಣ್ಣ ವಾಕ್ಯಗಳಾಗಿದ್ದವು. ಹೇಳಿ ಮುಗಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಅಪ್ಪ ಮಗನನ್ನು ನೋಡಿದ. ಮಗ ಹೌದೆಂದು ತಲೆ ಹಾಕಿದ.

"ಹಂಗಾರ ಇದನ್ನ ತಗೀಲ್ರಿ?" ಎಂದು ಅಪ್ಪ ನನ್ನನ್ನು ಕೇಳಿದ.

ನಾನೇ ಬಗ್ಗಿ ಆ ಕಲ್ಲನ್ನು ತೆಗೆದೆ. ಬಿಸಿಲಿಗೆ ಕಾದು ಸುಡುತ್ತಿತ್ತು. ಫರಸಿ ಇದ್ದಲ್ಲೇ ಇತ್ತು.